ವಾಪಸಾದ ಕುರ್ಚಿ

ಮಾರ್ಚ್ ೪

ಅಕ್ಕಾ,

ನೀನು ಕಳಿಸಿದ ಕಾಲು ಒತ್ತುವ ಯಂತ್ರ ಬಂತು. ಅಮ್ಮನ ಪಾದ ಅದರೊಳಗಿಟ್ಟು ಗುಂಡಿ ಒತ್ತಿದೆ. ಅದು ಗುರ್ರ್ ಎಂದದ್ದೇ ತಡ, ಅಮ್ಮ ನನ್ನ ಮುಖ ನೋಡಿದಳು, ನಾನೇ ಗುರುಗುಟ್ಟಿದೆ ಎನ್ನುವ ಹಾಗೆ. ಆಮೇಲೆ "ಬೇಡ" ಅಂದಳು. ಎತ್ತಿ ಮಂಚದ ಕೆಳಗಿಟ್ಟಿದ್ದೇನೆ. ಅಲ್ಲಿ ಹೋದ ತಿಂಗಳ ಬಿಸಿನೀರಿನ ಚೀಲ, ಅದರ ಹಿಂದಿನ ತಿಂಗಳ ರಕ್ತದೊತ್ತಡ ನೋಡುವ ಪಟ್ಟಿ, ಎಲ್ಲ ಒಟ್ಟಿಗೆ ಸುಖವಾಗಿವೆ.

ಫೋನು ಬಿಟ್ಟು ಇವನೇಕೆ ಕಾಗದ ಬರೆಯುತ್ತಾನೆ ಅಂತ ನಿನಗೆ ಅನ್ನಿಸಬಹುದು. ಮನೆ ನಿನಗೆ ಗೊತ್ತೇ ಇದೆ. ಮುಂದೆ ಕ್ಷೌರದಂಗಡಿ, ಹಿಂದೆ ಕೋಣೆ, ನಡುವೆ ಒಂದು ಹಲಗೆ. ಲಕ್ವ ಹೊಡೆದು ಎಂಟು ತಿಂಗಳಾಯಿತು. ಅಮ್ಮನ ಬಲಗೈ ಬಲಗಾಲು ಬಿದ್ದುಹೋದವು, ಮಾತು ನಾಲ್ಕೈದು ಉಳಿದಿವೆ, ಕಿವಿ ಮಾತ್ರ ಮೊದಲಿಗಿಂತ ಚುರುಕಾಗಿದೆ. ಹಲಗೆಯ ಈಚೆ ಉಸಿರು ಬಿಟ್ಟರೂ ಆಚೆ ಕೇಳಿಸುತ್ತದೆ. ಅವಳ ವಿಷಯ ಅವಳಿಗೆ ಕೇಳುವ ಹಾಗೆ ಹೇಗೆ ಮಾತಾಡಲಿ? ಗಿರಾಕಿ ಇಲ್ಲದಾಗ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಕಾಗುಣಿತ ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಬೇಡ.

ನಿವೃತ್ತ ಪೋಸ್ಟ್ ಮಾಸ್ಟರರು ವಾರಕ್ಕೊಮ್ಮೆ ಗಡ್ಡ ಹೆರೆಸಿಕೊಳ್ಳಲು ಬಂದಾಗಲೆಲ್ಲ, "ಏನಪ್ಪಾ, ಪ್ರೊಫೆಸರಮ್ಮ ಹೇಗಿದಾರೆ?" ಅಂತ ಕೇಳುತ್ತಾರೆ. ನಾನು "ಚೆನ್ನಾಗಿದಾರೆ ಸಾರ್, ಪುರುಸೊತ್ತೇ ಇಲ್ಲ" ಅನ್ನುತ್ತೇನೆ. ಹಲಗೆಯ ಆಚೆ ಮಂಚ ಕಿರುಗುಟ್ಟುತ್ತದೆ. ಅಮ್ಮ ನಿನ್ನ ಸುದ್ದಿಗೆ ಎದ್ದು ಕೂರಲು ನೋಡುತ್ತಾಳೆ ಅಂತ ನನಗೆ ಗೊತ್ತು. ಅಪ್ಪ ತೀರಿಕೊಂಡ ವರ್ಷ ಅವಳು ಹೇಳಿದ್ದು ನೆನಪಿದೆಯಾ? "ಅವಳಿಗೆ ತಲೆ ಒಳಗಿದೆ, ಅವಳು ಓದ್ಲಿ. ನಿನಗೆ ತಲೆ ಮೇಲಿಂದು ಸಾಕು ಕಣೋ." ಮಾರನೆಯ ದಿನವೇ ನನ್ನನ್ನು ಕರೆದುಕೊಂಡು ಹೋಗಿ ಗುರುಗಳ ಅಂಗಡಿಯಲ್ಲಿ ಕತ್ತರಿ ಹಿಡಿಸಿದಳು. ಎಂಟನೇ ಕ್ಲಾಸಿನ ಪುಸ್ತಕಕ್ಕೆ ಹಾಕಿದ ಹೊಸ ರಟ್ಟು ಇನ್ನೂ ಮಾಸಿರಲಿಲ್ಲ. ತಮಾಷೆಗೆ ಹೇಳಿದೆ, ಬೇಜಾರಿಲ್ಲ.

ಕಾಲೇಜಿಗೆ ರಜೆ ಯಾವಾಗ? ಮೇ ತಿಂಗಳಲ್ಲಿ ಹದಿನೈದು ದಿನ ಬಂದು ಹೋಗಲು ಆಗುತ್ತದಾ? ಕೇಳಿದೆ ಅಷ್ಟೇ.

ನಿನ್ನ ತಮ್ಮ

*

ಮಾರ್ಚ್ ೧೯

ಪ್ರೀತಿಯ ತಮ್ಮನಿಗೆ,

ಪತ್ರ ಓದಿ ಸಂತೋಷವಾಯಿತು. ನಿನ್ನ ಅಕ್ಷರ ಈಗಲೂ ದುಂಡಗಿದೆ. ಇಲ್ಲಿ ಪರೀಕ್ಷೆಯ ಕಾಲ, ಉಸಿರಾಡಲು ಬಿಡುವಿಲ್ಲ. ಈಗಿನ ವಿದ್ಯಾರ್ಥಿಗಳಿಗೆ ಅಂಕ ಬೇಕು, ಅರಿವು ಬೇಡ. ನಾವೆಲ್ಲ ಒಂದು ಪುಸ್ತಕಕ್ಕಾಗಿ ಎಷ್ಟು ದೂರ ನಡೆದವರು!

ಯಂತ್ರಕ್ಕೆ ಅಮ್ಮ ಒಗ್ಗಿಕೊಳ್ಳಲು ಸಮಯ ಬೇಕು, ಕೈಬಿಡಬೇಡ. ಈ ಕಾಯಿಲೆಯವರ ಆರೈಕೆಯ ಬಗ್ಗೆ ಒಂದೆರಡು ಪುಸ್ತಕ ತಿರುವಿ ಹಾಕಿದೆ. ಅವರು ಮಕ್ಕಳಿದ್ದ ಹಾಗೆ. ಎದುರಾಡಬಾರದು, ಅವಸರ ಮಾಡಬಾರದು. ದಿನಕ್ಕೆ ಆರು ಬಾರಿ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಅದಕ್ಕೆಂದೇ ಗಾಳಿ ತುಂಬುವ ಹಾಸಿಗೆಯೊಂದನ್ನು ಕಳಿಸುತ್ತಿದ್ದೇನೆ. ಒಳ್ಳೆಯ ಮಾಲು, ನಾನೇ ನೋಡಿ ಆರಿಸಿದ್ದು.

ಅಂದಹಾಗೆ ಜನ ಈಗ ಹೇಗೆ ಕೊಳ್ಳುತ್ತಾರೆ ಎಂಬುದೇ ಒಂದು ಅಧ್ಯಯನದ ವಿಷಯ. ಒಂದೇ ಅಂಗಿಯನ್ನು ಮೂರು ಅಳತೆಯಲ್ಲಿ ತರಿಸಿ ಎರಡನ್ನು ಹಿಂದಕ್ಕೆ ಕಳಿಸುತ್ತಾರೆ. ಸಮಾರಂಭಕ್ಕೆ ಒಂದು ದಿನ ಉಟ್ಟು, ಬೆವರಿನ ಕಲೆಯ ಸಮೇತ "ಬಣ್ಣ ಇಷ್ಟವಾಗಲಿಲ್ಲ" ಎಂದು ಬರೆದು ಮರಳಿಸುತ್ತಾರೆ. ವ್ಯಾಯಾಮದ ಸೈಕಲ್ಲಿನ ಸೀಟಿನ ಪ್ಲಾಸ್ಟಿಕ್ ಕೂಡ ಹರಿದಿರುವುದಿಲ್ಲ. ಮನುಷ್ಯ ವಸ್ತುವನ್ನಲ್ಲ, ತಾನು ಹೇಗಾಗಬೇಕೆಂದಿದ್ದನೋ ಆ ಮನುಷ್ಯನನ್ನು ಕೊಳ್ಳುತ್ತಾನೆ ಅನ್ನಿಸುತ್ತದೆ. ಇದರ ಮೇಲೆ ಒಂದು ಲೇಖನ ಬರೆಯುವ ಯೋಚನೆಯಿದೆ.

ಮೇ ತಿಂಗಳು ಕಷ್ಟ. ಮೌಲ್ಯಮಾಪನ ಇರುತ್ತದೆ. ಅಮ್ಮನಿಗೆ ನನ್ನ ಪ್ರೀತಿ ಹೇಳು.

ಅಕ್ಕ

*

ಏಪ್ರಿಲ್ ೨

ಅಕ್ಕಾ,

ಹಾಸಿಗೆ ಬಂತು. ಅದರ ಪಂಪು ಹಗಲಿಡೀ ಬುಸುಗುಡುತ್ತದೆ. ಪೋಸ್ಟ್ ಮಾಸ್ಟರರು "ಒಳಗೇನಪ್ಪಾ, ನಾಗರಹಾವು ಸಾಕಿದೀಯಾ?" ಅಂತ ಕೇಳಿದರು. ಬೆನ್ನಿಗೆ ಮಾತ್ರ ಒಳ್ಳೆಯದೇ ಆಗಿದೆ, ಸುಳ್ಳು ಹೇಳಬಾರದು.

ಒಂದು ವಿಷಯ ಯಾರ ಹತ್ತಿರವೂ ಹೇಳಿಲ್ಲ. ಅಮ್ಮನನ್ನು ತೊಳೆಯುವುದು ನಾನು. ನರ್ಸಮ್ಮ ಬರುವುದು ವಾರಕ್ಕೆ ಎರಡು ದಿನ, ಮಿಕ್ಕ ಐದು ದಿನ ಯಾರು ಮಾಡಬೇಕು? ಮೊದಲ ಸಲ ಬಟ್ಟೆ ಬಿಚ್ಚುವಾಗ ಅಮ್ಮ ಎಡಗೈಯಲ್ಲಿ ಸೆರಗು ಬಿಗಿ ಹಿಡಿದಳು. ನಾನು ಒಂದು ತುದಿ ಎಳೆಯುವುದು, ಅವಳು ಇನ್ನೊಂದು ತುದಿ. ಕೊನೆಗೆ ಬಿಟ್ಟುಕೊಟ್ಟಳು. ಗೋಡೆ ಕಡೆ ಮುಖ ತಿರುಗಿಸಿದಳು. ನಾನೂ ಗೋಡೆಯನ್ನೇ ನೋಡಿಕೊಂಡು ತೊಳೆದೆ. ಇಬ್ಬರೂ ಒಂದೇ ಗೋಡೆ ನೋಡುತ್ತಾ ಒಂಬತ್ತು ತಿಂಗಳು ಕಳೆದಿದ್ದೇವೆ. ಆ ಗೋಡೆಯ ಬಿರುಕು ಯಾವುದು ಎಲ್ಲಿಗೆ ಹೋಗುತ್ತದೆ ಅಂತ ನನ್ನನ್ನು ಕೇಳು.

ಹೆಣ್ಣುಮಗಳು ಮಾಡುವ ಕೆಲಸ, ಅಕ್ಕ ಬರಬಾರದೇ ಅಂತ ಬೀದಿಯವರು ಅನ್ನುತ್ತಾರೆ. ನನಗೆ ಹೆಣ್ಣು ಗಂಡು ಅಂತ ಇಲ್ಲ. ಅಮ್ಮನಿಗೆ ಇದೆ. ಅವಳ ನಾಚಿಕೆಗಾದರೂ ನೀನು ಬಾ. ಸಾಮಾನು ಸಾಕು ಅಕ್ಕಾ. ಇನ್ನು ಕಳಿಸಬೇಡ.

ತಮ್ಮ

*

ಏಪ್ರಿಲ್ ೨೨

ಪ್ರೀತಿಯ ತಮ್ಮನಿಗೆ,

ನಿನ್ನ ಕಷ್ಟ ಅರ್ಥವಾಗುತ್ತದೆ. ಯಾರಾದರೂ ಹೆಂಗಸನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದಲ್ಲ? ಬೀದಿಯಲ್ಲಿ ವಿಚಾರಿಸು. ಮೇ ತಿಂಗಳಲ್ಲಿ ಮೌಲ್ಯಮಾಪನದ ಜೊತೆಗೆ ಒಂದು ವಿಚಾರ ಸಂಕಿರಣವೂ ಸೇರಿಕೊಂಡಿದೆ. ನನ್ನ ಪ್ರಬಂಧ ಇಲ್ಲದಿದ್ದರೆ ಆಗುವುದಿಲ್ಲ ಎನ್ನುತ್ತಿದ್ದಾರೆ. ನೀನಾದರೆ ಮನೆಯಲ್ಲೇ ಇರುವವನು, ಅಂಗಡಿ ಬಾಗಿಲು ಎಳೆದರೆ ಕೆಲಸ ಮುಗಿಯಿತು. ನನ್ನ ಕೆಲಸ ಹಾಗಲ್ಲ, ತಲೆಯ ಜೊತೆ ಮನೆಗೂ ಬರುತ್ತದೆ.

ಸಾಮಾನು ಬೇಡವೆಂದು ಬರೆದಿದ್ದೀಯ. ಆದರೂ ಊಟ ಮಾಡಿಸುವಾಗ ಕೊರಳಿಗೆ ಕಟ್ಟುವ ಬಟ್ಟೆ ಮತ್ತು ಬಾಗಿದ ಹಿಡಿಯ ಚಮಚ ಕಳಿಸಿದ್ದೇನೆ. ಚಿಕ್ಕವು, ಜಾಗ ಹಿಡಿಯುವುದಿಲ್ಲ.

ಅಕ್ಕ

*

ಮೇ ೨೭

ಅಕ್ಕಾ,

ನಿನ್ನ ಕಾಗದ ಬಂದು ಒಂದು ತಿಂಗಳಾದರೂ ಬರೆಯಲಿಲ್ಲ. ಇದನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಈ ಸಲ ಓದಿ ನೋಡದೆ ಅಂಟಿಸಿಬಿಡುತ್ತೇನೆ.

ಈ ತಿಂಗಳ ಒಂಬತ್ತನೇ ತಾರೀಖು ಮಧ್ಯಾಹ್ನ. ಅಮ್ಮನಿಗೆ ಗಂಜಿ ಕುಡಿಸುತ್ತಿದ್ದೆ. ಅವಳಿಗೆ ನುಂಗುವುದು ಕಷ್ಟ. ಬಾಯಲ್ಲೇ ಇಟ್ಟುಕೊಂಡು ಕೂರುತ್ತಾಳೆ. ಒಂದು ಬಟ್ಟಲಿಗೆ ಒಂದು ಗಂಟೆ. ಅಂಗಡಿಯಲ್ಲಿ ಮೂರು ಜನ ಕಾಯುತ್ತಿದ್ದರು, ಒಬ್ಬನ ಮುಖಕ್ಕೆ ನೊರೆ ಹಚ್ಚಿ ಬಂದಿದ್ದೆ. ಅವನು "ಏನಪ್ಪಾ, ಒಣಗ್ತಾ ಇದೆ!" ಅಂತ ಕೂಗಿದ. ನಾನು "ನುಂಗಮ್ಮಾ, ನುಂಗು, ಕೈ ಮುಗೀತೀನಿ" ಅಂದೆ. ಅಮ್ಮ ನನ್ನ ಕಣ್ಣನ್ನೇ ನೋಡಿ ಬಾಯಲ್ಲಿದ್ದದ್ದನ್ನೆಲ್ಲ ಉಗಿದಳು. ಆಗಷ್ಟೇ ತೊಳೆದು ಉಡಿಸಿದ್ದ ಬಟ್ಟೆ, ಹಾಸಿಗೆ, ನನ್ನ ಮುಖ, ಎಲ್ಲ ಗಂಜಿ.

ನನ್ನ ಕೈ ಹೋಯಿತು ಅಕ್ಕಾ. ಅಮ್ಮನ ಕೆನ್ನೆಗೆ ಹೊಡೆದೆ.

ಇಪ್ಪತ್ತೊಂಬತ್ತು ವರ್ಷದಿಂದ ಜನರ ಕತ್ತಿನ ಮೇಲೆ ಕತ್ತಿ ಆಡಿಸಿದ ಕೈ ಇದು. ಯಾರಿಗೂ ಒಂದು ಗೀರು ಬಿದ್ದಿಲ್ಲ. ಅಮ್ಮ ಕೂಗಲಿಲ್ಲ, ಅಳಲೂ ಇಲ್ಲ. ನಾನು ಮುಖ ಒರೆಸಿಕೊಂಡು ಈಚೆ ಬಂದು, ನೊರೆ ಹಚ್ಚಿದ್ದವನ ಗಡ್ಡ ಹೆರೆದೆ. ಕೈ ಒಂದಿಷ್ಟೂ ನಡುಗಲಿಲ್ಲ. ಅದನ್ನು ನೆನೆದರೇ ನನಗೆ ಅಸಹ್ಯ.

ಮಾರನೆಯ ದಿನ ನರ್ಸಮ್ಮ ಬಂದರು. ಕೆನ್ನೆಯ ಮೇಲೆ ನೀಲಿ ಕಟ್ಟಿತ್ತು. "ಇದೇನು?" ಅಂದರು. "ಮಂಚದಿಂದ ಜಾರಿದ್ರು" ಅಂದೆ. ಅವರು ನನ್ನನ್ನು ಬಿಟ್ಟು ಅಮ್ಮನ ಹತ್ತಿರ ಬಗ್ಗಿ, "ಹೌದಾಮ್ಮಾ? ಏನಾಯ್ತು?" ಅಂತ ಕೇಳಿದರು. ಅಮ್ಮನಿಗೆ ಮಾತು ಕೂಡಿಸಲು ಎಷ್ಟು ಹೊತ್ತು ಬೇಕು ಗೊತ್ತಾ? ತುಟಿ ಒಂದು ಕಡೆ ಎಳೆದುಕೊಂಡು, ಬೆವರಿ, ಕೊನೆಗೆ "ಬಿದ್ದೆ" ಅಂದಳು. ಇಷ್ಟು ತಿಂಗಳಲ್ಲಿ ಆ ಮಾತು ಅವಳ ಬಾಯಿಂದ ಬಂದಿರಲಿಲ್ಲ. ನನಗೋಸ್ಕರ ಹೊಸದಾಗಿ ಕಲಿತು ಹೇಳಿದಳು.

ಒಂದೇ ಸಲ ಅಕ್ಕಾ. ಆದರೆ ಒಂದು ಸಲ ಅಂದರೂ ಅದು ಅಮ್ಮನ ಕೆನ್ನೆ.

ನೀನು ಬಾ. ನನ್ನಿಂದ ಅವಳನ್ನು ಕಾಪಾಡಲಿಕ್ಕಾದರೂ ಬಾ.

ತಮ್ಮ

*

ಜೂನ್ ೧೦

ತಮ್ಮಾ,

ಪತ್ರ ಬಂತು. ಎರಡು ದಿನ ಊಟ ಸೇರಲಿಲ್ಲ. ಹೆತ್ತವಳ ಮೇಲೆ, ಅದೂ ಎದ್ದು ಓಡಲಾಗದವಳ ಮೇಲೆ ಕೈ ಎತ್ತಲು ನಿನಗೆ ಹೇಗೆ ಮನಸ್ಸು ಬಂತೋ? ಇದಕ್ಕೇ ಹೇಳುವುದು, ಮನುಷ್ಯ ನಾಲ್ಕು ಅಕ್ಷರ ಓದಿರಬೇಕು ಅಂತ. ಓದು ಕೆಲಸ ಕೊಡಿಸುತ್ತದೋ ಇಲ್ಲವೋ, ಕೈಯನ್ನಾದರೂ ಹಿಡಿದು ನಿಲ್ಲಿಸುತ್ತದೆ.

ಇನ್ನು ಮುಂದೆ ಹೀಗಾಗದಂತೆ ಒಂದು ಕುರ್ಚಿ ಕಳಿಸುತ್ತಿದ್ದೇನೆ. ಗಾಲಿ ಇದೆ, ಮುಂದೆ ಊಟದ ಹಲಗೆ ಇದೆ. ಕೈಗೂ ಸೊಂಟಕ್ಕೂ ಮೆತ್ತನೆಯ ಪಟ್ಟಿಗಳಿವೆ. ಪಟ್ಟಿ ಹಾಕಿದರೆ ಅಮ್ಮ ಅಲುಗಾಡುವುದಿಲ್ಲ, ಚೆಲ್ಲುವುದಿಲ್ಲ, ನಿನಗೆ ಸಿಟ್ಟು ಬರುವ ಕಾರಣವೂ ಇರುವುದಿಲ್ಲ.

ಈಗ ಬರಲು ನಿಜವಾಗಿಯೂ ಆಗುವುದಿಲ್ಲ. ಹೊಸ ತರಗತಿಗಳು ಶುರುವಾಗಿವೆ.

ಅಕ್ಕ

*

ಜುಲೈ ೧೪

ತಮ್ಮಾ,

ನಿನ್ನಿಂದ ಕಾಗದ ಬಂದಿಲ್ಲ. ಕುರ್ಚಿ ಬಂದಿದೆ.

ಎಲ್ಲಿಗೆ ಬಂತು ಎಂದು ನಿನಗೆ ಹೇಳಬೇಕಾಗಿದೆ. ಅದಕ್ಕೆ ಮೊದಲು ಎದ್ದು ನೀರು ಕುಡಿದು ಬಂದೆ. ಈಗ ಬರೆಯುತ್ತೇನೆ.

ನಾನು ಕಾಲೇಜಿನಲ್ಲಿ ಇಲ್ಲ. ಆರು ವರ್ಷವಾಯಿತು. ನಾನಿರುವುದು ಒಂದು ದೊಡ್ಡ ಗೋದಾಮಿನಲ್ಲಿ, ವಾಪಸ್ ವಿಭಾಗದಲ್ಲಿ. ಜನ ಕೊಂಡು ಬೇಡವೆಂದು ಹಿಂದಿರುಗಿಸಿದ ಸಾಮಾನು ಓಡುವ ಪಟ್ಟಿಯ ಮೇಲೆ ಸಾಲಾಗಿ ಬರುತ್ತದೆ. ನಲವತ್ತು ಮೇಜು, ಮೇಜಿಗೊಬ್ಬರು. ಡಬ್ಬ ಕೊಯ್ದು, ಒಳಗಿನದನ್ನು ತಿರುಗಿಸಿ ನೋಡಿ, ಮೂಸಿ, ಮತ್ತೆ ಮಾರಬಹುದೋ ಇಲ್ಲವೋ ಹೇಳಿ, ಚೀಟಿಗೆ ಸಹಿ ಹಾಕಬೇಕು. ಬೆವರಿನ ಕಲೆಯ ಬಟ್ಟೆಯ ಬಗ್ಗೆ ನಾನು ಬರೆದೆನಲ್ಲ, ಅದು ಯಾವ ಅಧ್ಯಯನವೂ ಅಲ್ಲ. ನನ್ನ ದಿನಗೂಲಿ. ನಿಮಗೆ ಕಳಿಸಿದ ಯಂತ್ರ, ಹಾಸಿಗೆ, ಎಲ್ಲ ಬೇರೆಯವರು ಬೇಡವೆಂದದ್ದು. ಅಲ್ಲಿನ ಕೆಲಸದವರಿಗೆ ಸಸ್ತಾದಲ್ಲಿ ಕೊಡುತ್ತಾರೆ.

ಸೋಮವಾರ ಬೆಳಿಗ್ಗೆ ಪಕ್ಕದ ಮೇಜಿನ ಕನ್ನಡಕದವಳು ಒಂದು ದೊಡ್ಡ ಡಬ್ಬ ಬಿಚ್ಚಿದಳು. ವಾಪಸ್ ಮಾಡಲು ಕಾರಣವೇನು ಎಂದು ಚೀಟಿಯಲ್ಲಿ ಕೇಳಿರುತ್ತದೆ. ಮುರಿದಿದೆ, ಅಳತೆ ತಪ್ಪಾಗಿದೆ, ಮನಸ್ಸು ಬದಲಾಯಿತು, ಇತರೆ. ಅವಳು "ಇತರೆ"ಯ ಎದುರಿಗಿದ್ದ ಸಾಲನ್ನು ಎಲ್ಲರಿಗೂ ಕೇಳುವ ಹಾಗೆ ಓದಿದಳು: "ನಮಗೆ ಬೇಕಾಗಿದ್ದು ಕುರ್ಚಿ ಅಲ್ಲ, ಜೊತೇಲಿ ಕೂರೋರು." ಓದಿ, "ಅಯ್ಯೋ, ಇವನ್ಯಾರೇ! ಇಲ್ಲಿ ಮನುಷ್ಯರನ್ನೂ ಡಬ್ಬಕ್ಕೆ ಹಾಕಿ ಮಾರ್ತಾರೆ ಅಂದ್ಕೊಂಡಿದಾನಾ?" ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ದುಂಡನೆಯ ಅಕ್ಷರ, ನಾಲ್ಕು ಹೆಜ್ಜೆ ಆಚೆಯಿಂದಲೇ ಗುರುತು ಸಿಕ್ಕಿತು.

ತಮ್ಮಾ, ನಾನೂ ನಕ್ಕೆ. ನಗದಿದ್ದರೆ ಯಾಕೆ ಅಂತ ಕೇಳುತ್ತಾರೆ ಅಂತ ನಕ್ಕೆ. ಎಲ್ಲರಿಗಿಂತ ಜೋರಾಗಿ.

ಕಾಲೇಜು ಬಿಟ್ಟದ್ದಲ್ಲ, ಬಿಡಿಸಿದರು. ಡಾಕ್ಟರೇಟಿಗೆ ಬರೆದ ಪ್ರಬಂಧದಲ್ಲಿ ಇಪ್ಪತ್ತೆರಡು ಪುಟ ನನ್ನದಲ್ಲ. ಇನ್ನೊಬ್ಬಳು ಎಲ್ಲೋ ಬರೆದಿಟ್ಟಿದ್ದನ್ನು ಎತ್ತಿಕೊಂಡೆ. ಗಡುವು ಹತ್ತಿರ ಬಂದಿತ್ತು, ಅಮ್ಮ ಫೋನು ಮಾಡಿದಾಗಲೆಲ್ಲ "ಡಾಕ್ಟ್ರು ಯಾವಾಗ ಆಗ್ತೀಯೇ?" ಅಂತ ಕೇಳುತ್ತಿದ್ದಳು. ಇದು ಕಾರಣವಲ್ಲ, ನೆಪ. ಯಾರೂ ನೋಡುವುದಿಲ್ಲ ಅಂದುಕೊಂಡೆ. ನೋಡಿದರು. ನನ್ನ ಮಾರ್ಗದರ್ಶಕರು ಎರಡೂ ಪುಟಗಳನ್ನು ಅಕ್ಕಪಕ್ಕ ಇಟ್ಟು, "ನೀವೇ ಓದಿ, ನಾನು ಓದಲ್ಲ" ಅಂದರು. ಅವರೆದುರು ಗಟ್ಟಿಯಾಗಿ ಓದಿದೆ. ಮೂರನೆಯ ಸಾಲಿಗೆ ಪುಟ ಮಗುಚಿಟ್ಟೆ. ರಾಜೀನಾಮೆ ಬರೆಸಿಕೊಂಡರು.

ಅಂಥ ನಾನು ನಿನಗೆ ನಾಲ್ಕು ಅಕ್ಷರದ ಮಾತು ಬರೆದೆ. ಓದು ಕೈ ಹಿಡಿದು ನಿಲ್ಲಿಸುತ್ತದೆಯಂತೆ! ಆ ಕಾಗದ ನಿನ್ನ ಹತ್ತಿರ ಇದ್ದರೆ ಸುಟ್ಟುಬಿಡು.

ನನ್ನ ಕೋಣೆಯಲ್ಲಿ ಮೂರು ಕೆಟಲುಗಳಿವೆ. ಬಿಚ್ಚದ ಪರದೆಗಳಿವೆ. ಹೊಲಿಗೆ ಬರುವುದಿಲ್ಲ, ಹೊಲಿಗೆ ಯಂತ್ರವಿದೆ. ಮಂಚಕ್ಕೆ ಹೋಗಬೇಕಾದರೆ ಓರೆಯಾಗಿ ನಡೆಯಬೇಕು. ಮನೆಯ ನೆನಪಾಗಿ ಎದೆ ಹಿಂಡಿದಾಗ ಏನಾದರೂ ಒಂದು ಕೊಳ್ಳುತ್ತೇನೆ. ನೆನಪು ಇನ್ನೂ ಜಾಸ್ತಿಯಾದರೆ ಅದನ್ನು ನಿಮಗೆ ಕಳಿಸುತ್ತೇನೆ. ಅಂಚೆಯವನ ಕೈಗೆ ಡಬ್ಬ ಕೊಟ್ಟ ದಿನ ಮಗಳಾದೆ ಎನ್ನಿಸುತ್ತದೆ. ಆ ಅನ್ನಿಸಿಕೆ ಒಂದು ವಾರ ಬಾಳಿಕೆ ಬರುತ್ತದೆ.

ಇನ್ನೊಂದು ವಿಷಯ. ಕೈಗೆ ಪಟ್ಟಿ ಹಾಕುವ ಕುರ್ಚಿಯನ್ನು ಅಮ್ಮನಿಗೆ ಆರಿಸಿದೆನಲ್ಲ, ಆಗ ನನಗೆ ಒಂದು ಕ್ಷಣವೂ ಏನೂ ಅನ್ನಿಸಲಿಲ್ಲ. ನೀನು ಸಿಟ್ಟಿನಲ್ಲಿ ಹೊಡೆದೆ. ನಾನು ಸಮಾಧಾನದಲ್ಲಿ ಕಟ್ಟಿಹಾಕಲು ಹೊರಟಿದ್ದೆ.

ನೀನು ಬಾ ಅಂದರೆ ಬರುತ್ತೇನೆ. ಬೇಡ ಅಂದರೂ ಸರಿ.

ಅಕ್ಕ

*

ಜುಲೈ ೨೫

ಅಕ್ಕಾ,

ನನಗೆ ಗೊತ್ತಿತ್ತು.

ಜನವರಿಯಲ್ಲಿ ರಕ್ತದೊತ್ತಡದ ಪಟ್ಟಿ ಕಳಿಸಿದೆಯಲ್ಲ, ಅದರ ತಳದಲ್ಲಿ ಒಂದು ಚೀಟಿ ಅಂಟಿತ್ತು. "ಪರೀಕ್ಷಿಸಿದವರು" ಅಂತ ಅಚ್ಚು, ಅದರ ಕೆಳಗೆ ನಿನ್ನ ಸಹಿ. ಕೊನೆಯ ಅಕ್ಷರದ ಬಾಲ ಎಳೆದು ಸುತ್ತಿ ಹಕ್ಕಿಯ ಹಾಗೆ ಮಾಡುತ್ತೀಯಲ್ಲ, ಅದನ್ನು ನೀನು ಕಲಿತದ್ದು ನನ್ನ ನೋಟುಬುಕ್ಕಿನ ಹಿಂದಿನ ಹಾಳೆಗಳಲ್ಲಿ. ಅದಕ್ಕಾಗಿ ಮೇಷ್ಟ್ರ ಹತ್ತಿರ ಏಟು ತಿಂದವನು ನಾನು, ಮರೆಯುತ್ತೇನಾ? ಆಮೇಲೆ ಬಂದ ಡಬ್ಬಗಳಲ್ಲೂ ಅದೇ ಹಕ್ಕಿ. ಕಾಲೇಜಿನ ಪ್ರೊಫೆಸರಿಗೆ ಚೀಲ ಪರೀಕ್ಷೆ ಮಾಡುವ ಕೆಲಸ ಯಾಕೆ ಅಂತ ಒಂದೆರಡು ದಿನ ಯೋಚಿಸಿದೆ. ಆಮೇಲೆ ಯೋಚಿಸುವುದನ್ನು ನಿಲ್ಲಿಸಿದೆ.

ಗೊತ್ತಿದ್ದೂ "ಕಾಲೇಜಿಗೆ ರಜೆ ಯಾವಾಗ" ಅಂತ ಬರೆದೆ. ನೀನೇ ಹೇಳುತ್ತೀಯೇನೋ ನೋಡೋಣ ಅಂತ. ನೀನು ಮೌಲ್ಯಮಾಪನ ಅಂದೆ. ಆಗ ಒಳಗೊಳಗೇ ಒಂದು ಥರ ಖುಷಿಯಾಯಿತು ಅಂದರೆ ನಂಬುತ್ತೀಯಾ? ಸುಳ್ಳು ಹೇಳುವವಳು ಅವಳು, ಅಮ್ಮನ ಹೇಲು ಬಾಚುವವನು ನಾನು ಅಂತ. ಅದು ಒಳ್ಳೆಯ ಖುಷಿಯಲ್ಲ. ಆದರೂ ಪೋಸ್ಟ್ ಮಾಸ್ಟರರಿಗೆ "ಪುರುಸೊತ್ತಿಲ್ಲ ಸಾರ್" ಅಂತಲೇ ಹೇಳುತ್ತಿದ್ದೆ. ನಿನ್ನ ಮಾನ ಉಳಿಸಲು ಅಂತ ತಿಳಿಯಬೇಡ. ನೀನು ಪ್ರೊಫೆಸರ್ ಅಲ್ಲ ಅಂದರೆ ನಾನು ಎಂಟನೇ ಕ್ಲಾಸು ಬಿಟ್ಟದ್ದು ಯಾತಕ್ಕೆ? ಅದಕ್ಕೆ ಉತ್ತರ ಹೇಳುವವರು ಯಾರು? ನೀನು ದೊಡ್ಡವಳಾಗಿ ಉಳಿಯುವುದು ನಿನಗಿಂತ ನನಗೇ ಬೇಕಾಗಿತ್ತು.

ಡಬ್ಬದ ಮೇಲಿದ್ದ ಗೋದಾಮಿನ ವಿಳಾಸಕ್ಕೇ ಕುರ್ಚಿ ವಾಪಸ್ ಮಾಡಿದ್ದೂ ಬೇಕಂತಲೇ. ನಿನ್ನ ಕೈಗೇ ಸಿಗಲಿ, ಚುಚ್ಚಲಿ ಅಂತ. ನಾಲ್ಕು ಅಕ್ಷರದ ಮಾತು ಅಷ್ಟು ಉರಿದಿತ್ತು. ಹತ್ತು ಜನರ ಮುಂದೆ ಓದುತ್ತಾರೆ ಅಂತ ಗೊತ್ತಿರಲಿಲ್ಲ. ಅದು ತಪ್ಪಾಯಿತು.

ಬಾ ಅಕ್ಕಾ. ಕೇಳುವುದೇನಿದೆ?

ನರ್ಸಮ್ಮ ನನ್ನ ಮುಖ ನೋಡಿ, "ನೀವು ಒಂದು ವಾರ ಎಲ್ಲಾದ್ರೂ ಹೋಗಿ ಬನ್ನಿ, ಇಲ್ದಿದ್ರೆ ನಿಮ್ಮನ್ನೂ ನಾನೇ ನೋಡ್ಕೋಬೇಕಾಗುತ್ತೆ" ಅಂದಿದ್ದಾರೆ. ನನ್ನ ಗುರುಗಳಿಗೆ ಕೈ ನಡುಕ ಶುರುವಾಗಿದೆ, ಅವರ ಊರಿಗೆ ಬಂದು ಅಂಗಡಿಯನ್ನು ಒಂದಿಷ್ಟು ದಿನ ನೋಡಿಕೊಳ್ಳಲು ಕರೆಯುತ್ತಿದ್ದಾರೆ. ನೀನು ಬಂದ ಮೇಲೆ ಅಲ್ಲಿಗೆ ಹೋಗುತ್ತೇನೆ. ಗಂಜಿ ತೆಳ್ಳಗಿರಲಿ. ಅಮ್ಮನ ಎಡಗಡೆಯೇ ಕೂರಬೇಕು, ಬಲಗಡೆ ಕೂತರೆ ಅವಳಿಗೆ ಕಾಣುವುದಿಲ್ಲ. ಮಿಕ್ಕದ್ದು ಬಂದಾಗ ಹೇಳುತ್ತೇನೆ.

ತಮ್ಮ

*

ಆಗಸ್ಟ್ ೨೦

ತಮ್ಮಾ,

ನೀನು ಹೋಗಿ ಆರು ದಿನವಾಯಿತು. ಇದನ್ನು ನಿನ್ನ ಅಂಗಡಿಯ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಕನ್ನಡಿಯಲ್ಲಿ ನನ್ನ ಮುಖ ನೋಡಬಾರದೆಂದು ಅದಕ್ಕೊಂದು ಟವೆಲ್ ಹಾಕಿದ್ದೇನೆ.

ಮೊದಲ ದಿನ ಅಮ್ಮನನ್ನು ತೊಳೆದು ಮುಗಿಸುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯಿತು. ಎರಡನೆಯ ದಿನ ನನಗೆ ಅಳು ಬಂತು. ಮೂರನೆಯ ದಿನ ಅಳಲು ಸಮಯವಿರಲಿಲ್ಲ. ಇದನ್ನು ನೀನು ಒಂದು ವರ್ಷ ಮಾಡಿದೆಯಲ್ಲೋ. ನಾನು ಪುಸ್ತಕದಲ್ಲಿ ಓದಿ "ಆರು ಬಾರಿ ಮಗ್ಗುಲು ಬದಲಿಸು" ಎಂದು ಬರೆದವಳು.

ಅಮ್ಮನಿಗೆ ಎಲ್ಲ ಹೇಳಿದೆ. ಕಾಲೇಜು, ಇಪ್ಪತ್ತೆರಡು ಪುಟ, ಗೋದಾಮು. ಅವಳು ನನ್ನ ಕೈ ಹಿಡಿದು, ಡಬ್ಬ ಕೊಯ್ಯುವಾಗ ಆದ ಗಾಯಗಳ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ "ಸಾಕು" ಅಂದಳು. ಹೇಳಿದ್ದು ಸಾಕೋ, ಓದಿದ್ದು ಸಾಕೋ, ಏನು ಸಾಕೋ ನನಗೆ ತಿಳಿಯಲಿಲ್ಲ. ಪೋಸ್ಟ್ ಮಾಸ್ಟರರು ಬಾಗಿಲಲ್ಲಿ ನಿಂತು, "ಪ್ರೊಫೆಸರಮ್ಮ ಬಂದ್ರಾ!" ಅಂದರು. "ಪ್ರೊಫೆಸರ್ ಅಲ್ಲ ಸಾರ್, ಗೋದಾಮಿನಲ್ಲಿ ಕೆಲಸ" ಅಂದೆ. ಅವರು ಗಲಿಬಿಲಿಯಾಗಿ, "ಹಾಗಾದ್ರೆ ಗಡ್ಡಕ್ಕೆ ಮುಂದಿನ ವಾರ ಬರ್ತೀನಿ" ಅಂತ ಹೊರಟುಹೋದರು. ಅಷ್ಟೇ ಆಯಿತು. ಆರು ವರ್ಷ ನಾನು ಹೆದರಿದ್ದು ಇಷ್ಟಕ್ಕೆ.

ಇಷ್ಟೇ ಆಗಿದ್ದರೆ ನೀನು ಬಂದ ಮೇಲೆ ಹೇಳುತ್ತಿದ್ದೆ. ಕಾಗದ ಬರೆಯುತ್ತಿರುವುದು ಬೇರೆಯದಕ್ಕೆ.

ನಿನ್ನೆ ಮಧ್ಯಾಹ್ನ ಅಮ್ಮ ಗಂಜಿ ಉಗಿದಳು. ನನ್ನ ಮೈಮೇಲೆಲ್ಲ. ನಾನು ಒರೆಸಿಕೊಳ್ಳೋಣವೆಂದು ಅವಳ ಹೆಗಲ ಆಚೆ ಇದ್ದ ಟವೆಲಿಗೆ ಕೈ ಚಾಚಿದೆ. ಕೈ ಸ್ವಲ್ಪ ರಭಸವಾಗಿ ಎತ್ತಿದೆನೋ ಏನೋ. ಅಮ್ಮ ಕಣ್ಣು ಬಿಗಿಯಾಗಿ ಮುಚ್ಚಿದಳು. ಎಡಗೈಯನ್ನು ಕೆನ್ನೆಗೆ ಅಡ್ಡ ಇಟ್ಟುಕೊಂಡಳು. ಬೆಚ್ಚಿ ಅಲ್ಲ, ಗಾಬರಿಯಾಗಿಯೂ ಅಲ್ಲ. ಯಾವಾಗ ಏನು ಬರುತ್ತದೆ ಎಂದು ಗೊತ್ತಿರುವವರು ಕಾಯುವ ಹಾಗೆ ಕಾದಳು. ನಾನು ಟವೆಲ್ ತೆಗೆದುಕೊಂಡು ಸರಿದ ಮೇಲೂ ಎಷ್ಟೋ ಹೊತ್ತು ಕೈ ಇಳಿಸಲಿಲ್ಲ.

ಒಂದೇ ಸಲ ಅಂತ ನೀನು ಬರೆದಿದ್ದೆ.

ನಾನು ಕೋರ್ಟಿನ ಹಾಗೆ ಕೇಳುತ್ತಿಲ್ಲ. ಹಾಗೆ ಕೇಳಲು ನನಗೆ ಯಾವ ಮುಖವಿದೆ? ಒಂದು ವರ್ಷ ನಿನ್ನನ್ನು ಒಬ್ಬನನ್ನೇ ಆ ಗೋಡೆಯ ಎದುರು ಬಿಟ್ಟವಳು ನಾನು. ಆದರೆ ಕೇಳದೆ ಇರಲೂ ಆಗುತ್ತಿಲ್ಲ. ನಾವಿಬ್ಬರೂ ಸುಳ್ಳು ಹೇಳಿ ಹೇಳಿ ಅಮ್ಮನ ಕೈಲೂ ಸುಳ್ಳು ಹೇಳಿಸಿದೆವು.

ಎಷ್ಟು ಸಲ?

ಅಕ್ಕ

*

ಆಗಸ್ಟ್ ೨೪

ಅಕ್ಕಾ,

ಐದು ಸಲ ಅಂತ ನೆನಪಿದೆ. ನೆನಪಿಲ್ಲದ್ದು ಇದ್ದರೂ ಇರಬಹುದು. ಮೊದಲನೆಯದು ಜನವರಿಯಲ್ಲಿ, ಕೈಗೆ. ನಿನಗೆ ಬರೆದದ್ದು ನಾಲ್ಕನೆಯದು. ನೀಲಿ ಕಟ್ಟಿತು, ನರ್ಸಮ್ಮ ನೋಡಿದರು, ಅದಕ್ಕೇ ಬರೆದೆ. ನೀಲಿ ಕಟ್ಟದಿದ್ದರೆ ಬರೆಯುತ್ತಿರಲಿಲ್ಲ. ಐದನೆಯದು ನಿನ್ನ ನಾಲ್ಕು ಅಕ್ಷರದ ಕಾಗದ ಬಂದ ದಿನ. ಅದನ್ನು ನಿನ್ನ ತಲೆಗೆ ಕಟ್ಟುತ್ತಿಲ್ಲ. ಕಾಗದ ನಿನ್ನದು, ಕೈ ನನ್ನದೇ.

ಪ್ರತಿ ಸಲವೂ ಇದೇ ಕೊನೆ ಅಂದುಕೊಂಡೆ. ಪ್ರತಿ ಸಲವೂ ಅಮ್ಮನ ಕಾಲು ಹಿಡಿದೆ. ಅವಳು ಎಡಗೈಯಲ್ಲಿ ನನ್ನ ತಲೆ ಸವರುತ್ತಿದ್ದಳು. ಸವರಿದಾಗ ನಾನು ಕ್ಷಮಿಸಿದಳು ಅಂದುಕೊಂಡೆ. ನಿನ್ನ ಕಾಗದ ಓದಿದ ಮೇಲೆ ತಿಳಿಯಿತು. ಹೆದರಿಕೊಂಡವರೂ ತಲೆ ಸವರುತ್ತಾರೆ.

ಕಾಗದ ಬಂದದ್ದು ಇವತ್ತು ಬೆಳಿಗ್ಗೆ, ಅಂಗಡಿ ತುಂಬ ಜನ ಇದ್ದಾಗ. ಗುರುಗಳು "ಯಾರದಪ್ಪಾ?" ಅಂದರು. "ಅಕ್ಕಂದು" ಅಂತ ಜೇಬಿಗೆ ಹಾಕಿದೆ. ಮತ್ತೆ ತೆಗೆದು ಓದಿದೆ. ಕತ್ತರಿ ಕೆಳಗಿಟ್ಟು, ಅಲ್ಲಿಂದಲೇ, ಎಲ್ಲರ ಎದುರೇ ನರ್ಸಮ್ಮನಿಗೆ ಫೋನು ಮಾಡಿದೆ. ಹೊರಗೆ ಹೋಗಿ ಮಾಡಿದರೆ ಅರ್ಧ ಹೇಳಿ ಅರ್ಧ ನುಂಗುತ್ತೇನೆ ಅಂತ ನನಗೆ ನನ್ನ ಮೇಲೇ ನಂಬಿಕೆಯಿರಲಿಲ್ಲ. "ಅಮ್ಮ ಬಿದ್ದಿರ್ಲಿಲ್ಲ, ನಾನು ಹೊಡೆದಿದ್ದೆ, ಒಂದ್ ಸಲ ಅಲ್ಲ" ಅಂದೆ. ಅಂಗಡಿಯಲ್ಲಿ ಕತ್ತರಿ ಸದ್ದೆಲ್ಲ ನಿಂತಿತು.

ನರ್ಸಮ್ಮ, "ನನಗೆ ಅನುಮಾನ ಇತ್ತು. ನೀವೇ ಹೇಳ್ಲಿ ಅಂತ ಕಾದೆ. ನಾನು ಕಾಯಬಾರದಿತ್ತು" ಅಂದರು. "ಇದನ್ನ ನಾನು ಬರ್ಕೊಳ್ಳಲೇಬೇಕು. ಮೇಲಿನವರಿಗೆ ತಿಳಿಸಲೇಬೇಕು" ಅಂದರು. "ಬರ್ಕೊಳ್ಳಿ" ಅಂದೆ. ಇನ್ನು ದಿನವೂ ಒಬ್ಬರು ಬಂದು ನೋಡುತ್ತಾರಂತೆ. ವಿಚಾರಣೆ ಮುಗಿಯುವವರೆಗೆ ನಾನೊಬ್ಬನೇ ಅಮ್ಮನ ಜೊತೆ ಇರುವ ಹಾಗಿಲ್ಲ. ಅಮ್ಮನನ್ನು ಹಗಲು ಹೊತ್ತು ಆರೈಕೆ ಕೇಂದ್ರಕ್ಕೆ ಕಳಿಸುವುದೋ ಏನೋ ಅವರು ಹೇಳುತ್ತಾರೆ. ಏನು ಹೇಳಿದರೂ ಸರಿ.

ಫೋನು ಇಟ್ಟ ಮೇಲೆ ಯಾರೂ ನನ್ನ ಕುರ್ಚಿಗೆ ಬಂದು ಕೂರಲಿಲ್ಲ. ಗುರುಗಳು ತಮ್ಮ ನಡುಗುವ ಕೈಯಲ್ಲೇ ಒಬ್ಬನ ತಲೆ ಮುಗಿಸಿದರು. ನನ್ನನ್ನು ನೋಡಲಿಲ್ಲ. ಮಧ್ಯಾಹ್ನ ಊಟಕ್ಕೆ ಕರೆದರು, ಆದರೆ ನೋಡಲಿಲ್ಲ.

ನೀನು ಕೆಲಸ ಬಿಡಬೇಕೋ ಬೇಡವೋ, ಎಷ್ಟು ದಿನ ಇರುತ್ತೀಯೋ, ಅದೆಲ್ಲ ಕೂತು ಮಾತಾಡೋಣ. ನಡುವಿನ ಹಲಗೆ ತೆಗೆಸಿಯೇ ಮಾತಾಡೋಣ, ಅಮ್ಮನಿಗೂ ಕೇಳಲಿ.

ಬುಧವಾರ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ನೇರ ಒಳಗೆ ಬರುವುದಿಲ್ಲ, ಅಂಗಡಿಯಲ್ಲೇ ನಿಂತಿರುತ್ತೇನೆ. ನೀನು ಅಮ್ಮನ ಎಡಗಡೆ ಕೂತು, ನಾನು ಬಂದಿದ್ದೇನೆ, ಒಳಗೆ ಬರಬಹುದಾ ಅಂತ ಕೇಳು. ಅವಸರ ಮಾಡಬೇಡ, ಅವಳಿಗೆ ಮಾತು ಕೂಡಿಸಲು ಹೊತ್ತು ಬೇಕು. ನನ್ನ ಪರವಾಗಿ ಏನೂ ಸೇರಿಸಬೇಡ. "ಬೇಡ" ಅಂದರೆ ಹಾಗೇ ಬಂದು ನನಗೆ ಹೇಳು. ಮಾರನೆಯ ದಿನ ಮತ್ತೆ ಕೇಳೋಣ.

ತಮ್ಮ